ಇಲಿ ಕೇಕ್ ತಿಂದ ನಾಯಿ ಆರಾಮ ಐತಿ ಅಂತ ಕುಂದರಬ್ಯಾಡ್ರಿ

ಅಕ್ಕಾರ, ನಿಮ್ಮ ನಾಯಿ ತಾಸಿನ ಹಿಂದ ಇಲಿ ಕೇಕ್, ಅಂದ್ರ ಇಲಿ ಕೊಲ್ಲೂ ವಿಷದ ಕೇಕ್, ಅರ್ಧಾ ತಿಂದೈತಿ, ಆದ್ರ ಆರಾಮ ಆಡ್ಲಾಕತ್ತೈತಿ, ದವಾಖಾನಿಗೆ ಒಯ್ಯಬೇಕೋ ನಾಳಿತನಾ ನೋಡಬೇಕೋ ಅಂತ ಕೇಳೀರಿ. ಈಗ ಒಯ್ರಿ. ತಿಂದು ಎರಡು ತಾಸಿನೊಳಗ ಹೋದ್ರ ವಾಂತಿ ಮಾಡಿಸಿ ತಗೀಲಿಕ್ಕೆ ಬರತೈತಿ.

ನಮ್ದು ಇಂಡಿ ಕಡೆ ಹಳ್ಳಿ. ರಾಶಿ ಆಗಿ ಜೋಳದ ಚೀಲ ಪಡಸಾಲ್ಯಾಗ ಒಟ್ಟಿದ್ವಿ, ಇಲಿ ಕಾಟಕ್ಕ ಚೀಲದ ಹಿಂದ ಕೇಕ್ ಇಟ್ಟಿದ್ವಿ, ಮಧ್ಯಾಹ್ನ ನೋಡಿದ್ರ ಹರದ ಪ್ಯಾಕೆಟ್ ಅಷ್ಟ ಅಂಗಳದಾಗ ಬಿದ್ದಿತ್ತು. ಅವ್ವ ಹಾಲು ಕುಡಿಸಿದ್ಲು, ನಮ್ಮ ರಾಜಾ ಬಾಲ ಅಳ್ಳಾಡಿಸ್ಕೋತ ಅಡ್ಡಾಡಿದ, ಏನೂ ಆಗಿಲ್ಲ ಅಂತ ಸುಮ್ನಾದ್ವಿ. ನಾಕನೇ ದಿನ ಮುಂಜಾನೆ ಕಟ್ಟಿ ಮ್ಯಾಲ ಮಲಗಿದಾಂವ ಏಳ್ಲೇ ಇಲ್ಲ, ಮೂಗಿನಿಂದ ಹನಿ ಹನಿ ರಕ್ತ, ತುಟಿ ಎತ್ತಿ ನೋಡಿದ್ರ ಒಸಡು ಸುಣ್ಣ ಬಡದಂಗ ಬೆಳ್ಳಗ.

ಡಾಕ್ಟರ್ ಪ್ಯಾಕೆಟ್ ಓದಿ ಬ್ರೋಮಾಡಿಯೋಲೋನ್ ಅಂದ್ರು. ರಕ್ತ ಹೆಪ್ಪುಗಟ್ಟಲಿಕ್ಕೆ ವಿಟಮಿನ್ ಕೆ ಬೇಕಲ್ರಿ, ಅದರ ಕೆಲಸಾನ ಇದು ನಿಲ್ಲಸ್ತೈತಿ, ಮೈಯಾಗ ಮೊದಲ ಇದ್ದಿದ್ದು ಮುಗಿಯೂತನಾ ಮೂರ್ನಾಕು ದಿನ ನಾಯಿ ಚಲೋನ ಕಾಣತೈತಿ, ಆಮ್ಯಾಲ ಒಳಗಿಂದೊಳಗ ರಕ್ತ ಸೋರತೈತಿ. ವಿಟಮಿನ್ ಕೆ-1 ಇಂಜೆಕ್ಷನ್ ಕೊಟ್ಟು 4 ವಾರ ಗುಳಿಗಿ ಬರದ್ರು. ಕೆ-3 ಇದಕ್ಕ ನಡಿಯಂಗಿಲ್ಲ, ಮೆಡಿಕಲ್‌ನ್ಯಾಗ ಹೆಸರು ನೋಡಿ ತಗೋರಿ. ಎಣ್ಣಿ ತುಪ್ಪದ ಕೂಡ ಕೊಟ್ರ ಚಲೋ ಹತ್ತತೈತಿ ಅಂತ ರೊಟ್ಟಿ ತುಣುಕಿಗೆ ತುಪ್ಪ ಸವರಿ ಗುಳಿಗಿ ಮಡಚಿ ಕೊಡ್ತಿದ್ವಿ, ನುಂಗೂತನಾ ಗಂಟಲಾ ಸವರಕೋತ ಕುಂದರಬೇಕು ಅಷ್ಟ. ಕಡೀ ಗುಳಿಗಿ ಆಗಿ ಎರಡು ದಿನಕ್ಕ ಮತ್ತ ರಕ್ತ ಪರೀಕ್ಷೆ ಮಾಡಿಸಿದ್ವಿ. ನಡಕ ಬಿಡಬ್ಯಾಡ್ರಿ ಅಕ್ಕಾರ, ಮಂದಿ ವಾರಕ್ಕ ಬಿಟ್ಟು ನಾಯಿ ಕಳಕೋತಾರ.

ವಾಂತಿ ಆಗ್ಲಿ ಅಂತ ಉಪ್ಪಿನ ನೀರು ಕುಡಸ್ರಿ ಅಂತ ಕೆಲವರು ಹೇಳ್ತಾರ, ದಯವಿಟ್ಟು ಬ್ಯಾಡ್ರಿ, ಉಪ್ಪು ಹೆಚ್ಚಾದ್ರ ನಾಯಿಗೆ ಅದ ವಿಷ ಆಗತೈತಿ.

ಕೇಕ್ ಬಿಟ್ಟು ಕಪ್ಪು ಬಣ್ಣದ ಇಲಿ ವಿಷದ ಪುಡಿ ತಿಂದಿದ್ರ ಮಾತ್ರ ಬ್ಯಾರೆ, ಅದು ಜಿಂಕ್ ಫಾಸ್ಫೈಡ್ ಇರಬಹುದು, ಆ ವಿಷ ಇಳಿಸೂ ಔಷಧ ಇಲ್ಲ, ಹೊಟ್ಟ್ಯಾಗಿನ ಆಸಿಡ್ ಕೂಡಿ ವಿಷದ ಗ್ಯಾಸ್ ಆಗತೈತಿ, ಏನರೆ ತಿನಿಸಿದ್ರ ಆಸಿಡ್ ಇನ್ನೂ ಹೆಚ್ಚಾಗತೈತಿ. ನಾಯಿ ವಾಂತಿ ಮಾಡಿದ್ರ ಸನೇ ಬಗ್ಗಿ ನೋಡಬ್ಯಾಡ್ರಿ, ಆ ಗ್ಯಾಸ್ ನಿಮಗೂ ತ್ರಾಸ ಕೊಡತೈತಿ, ಗಾಡ್ಯಾಗ ಕಿಡಕಿ ತಗದ ಹೋಗ್ರಿ.

ಗಾಡಿ ಸಿಗದಿದ್ರ ಪಶು ಸಹಾಯವಾಣಿ 1962ಕ್ಕ ಫೋನ್ ಹಚ್ಚಿ ಕೇಳ್ರಿ. ಹರದ ಪ್ಯಾಕೆಟ್ ಎತ್ತಿ ಜೇಬಿನ್ಯಾಗ ಹಾಕೋರಿ, ಡಾಕ್ಟರ್ ಮೊದಲ ಕೇಳೂದ ಅದನ್ನ.