ಕ್ಲ್ಯಾಂಗ್ ಬಿಲ್ಡ್ ಕೊನೆಗೆ ಬಂದು 'ಕಿಲ್ಡ್' ಅಂತ ನಿಲ್ಲುತ್ತದೆ, 8 ಜಿಬಿ ಲ್ಯಾಪ್‌ಟಾಪ್

ಪೆರ್ಲದ ಹುಡುಗ:
ಅಣ್ಣಂದಿರೇ, ಸ್ವಲ್ಪ ದಾರಿ ಹೇಳಿ. ಎಲ್‌ಎಲ್‌ವಿಎಂ ಅನ್ನುವ ಮುಕ್ತ ಕಂಪೈಲರ್ ಪ್ರಾಜೆಕ್ಟಿನಲ್ಲಿ ಹೊಸಬರಿಗೆ ಅಂತ 'ಗುಡ್ ಫಸ್ಟ್ ಇಶ್ಯೂ' ಗುರುತು ಹಾಕಿದ ಕೆಲಸಗಳಲ್ಲಿ ಒಂದನ್ನು ಆರಿಸಿದೆ. ಅದರ ಸಿ, ಸಿ++ ಕಂಪೈಲರ್ ಕ್ಲ್ಯಾಂಗ್ ಕೊಡುವ ಒಂದು ಎರರ್ ಮೆಸೇಜಿನ ಮಾತು ಸರಿಪಡಿಸುವುದು, ಅಷ್ಟೇ. ಆದರೆ ಸೋರ್ಸ್ ಕೋಡಿನಿಂದ ಕ್ಲ್ಯಾಂಗ್ ಕಟ್ಟುವ ಬಿಲ್ಡೇ ಮುಗಿಯುವುದಿಲ್ಲ. ಮೂರು ರಾತ್ರಿ ಹೋಯಿತು. ಕೊನೆಕೊನೆಗೆ ಲ್ಯಾಪ್‌ಟಾಪ್ ಕಲ್ಲಿನ ಹಾಗೆ ಕೂರುತ್ತದೆ, ಆಮೇಲೆ 'ಎಲ್‌ಡಿ ಟರ್ಮಿನೇಟೆಡ್ ವಿತ್ ಸಿಗ್ನಲ್ 9, ಕಿಲ್ಡ್' ಅಂತ ಬರುತ್ತದೆ. ಉಬುಂಟು, 8 ಜಿಬಿ ರ್‍ಯಾಮ್, ಡೀಬಗ್ ಬಿಲ್ಡ್. ಕೋಡಿನಲ್ಲಿ ನಾನು ಇನ್ನೂ ಒಂದಕ್ಷರ ಮುಟ್ಟಿಲ್ಲ!

ಉಪ್ಪಳ ಲಿನಕ್ಸ್:
ಉಬುಂಟು ತೆಗೆದು ಹೊಸದಾಗಿ ಹಾಕು ಮಾರಾಯ.

ಕುಂಬಳೆಯವಳು:
ಬೇಡ, ಬೇಡ. (ನಾನು ಅಣ್ಣ ಅಲ್ಲ, ಅಕ್ಕ.) ಉಬುಂಟುವಿಗೆ ಎಂತದೂ ಆಗಿಲ್ಲ. ಸಿಗ್ನಲ್ 9 ಅಂದರೆ ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಆ ಎಲ್‌ಡಿ) ತಾನಾಗಿ ಸೋತದ್ದಲ್ಲ, ರ್‍ಯಾಮ್ ಮುಗಿದು ಕರ್ನಲ್ ಅದನ್ನು ಕೊಂದದ್ದು. ಕರ್ನಲ್ ಬರೆದಿಟ್ಟದ್ದನ್ನು ತೋರಿಸುವ 'ಡಿಮೆಸೇಜ್' ಕಮಾಂಡ್ ಓಡಿಸಿ ನೋಡು, 'ಔಟ್ ಆಫ್ ಮೆಮೊರಿ' ಅಂತ ಒಂದು ಸಾಲು ಇರುತ್ತದೆ.

ಡೀಬಗ್ ಬಿಲ್ಡ್ ಅಂದರೆ ತಪ್ಪು ಹುಡುಕುವ ಮಾಹಿತಿಯೆಲ್ಲಾ ತುಂಬಿದ್ದು, ಅದರಲ್ಲಿ ಒಂದೊಂದು ಟೂಲನ್ನು ಲಿಂಕ್ ಮಾಡಲಿಕ್ಕೂ ಹಲವು ಜಿಬಿ ಬೇಕು. ಬಿಲ್ಡ್ ಓಡಿಸುವ ನಿಂಜಾ ಬೇರೆ, ಏನೂ ಹೇಳದಿದ್ದರೆ ಪ್ರೊಸೆಸರ್ ಲೆಕ್ಕಕ್ಕೆ ಇನ್ನೆರಡು ಸೇರಿಸಿ ಅಷ್ಟು ಕೆಲಸ ಒಟ್ಟಿಗೆ ಶುರು ಮಾಡುತ್ತದೆ. 8 ಥ್ರೆಡ್ ಇದ್ದರೆ 10. ಎಲ್ಲಾ ಲಿಂಕರ್‌ಗಳೂ ಒಂದೇ ಸಲ ಊಟಕ್ಕೆ ಕೂತರೆ 8 ಜಿಬಿ ಎಲ್ಲಿಗೆ ಸಾಲುತ್ತದೆ?

ನಿನ್ನ ಕೆಲಸಕ್ಕೆ ಡೀಬಗ್ ಬೇಕಾಗಿಯೇ ಇಲ್ಲ. ಬಿಲ್ಡ್ ಸಿದ್ಧ ಮಾಡುವ ಸಿಮೇಕ್‌ಗೆ ರಿಲೀಸ್ ಅಂತ ಕೊಡು, ಜೊತೆಗೆ ಅಸರ್ಶನ್ (ಕೋಡ್ ಒಳಗಿನ ತಪಾಸಣೆ) ಆನ್ ಮಾಡು. ಅಸರ್ಶನ್ ಬಿಡಬೇಡ, ನಿನ್ನ ತಪ್ಪು ಮೊದಲು ಅಲ್ಲೇ ಸಿಕ್ಕಿಬೀಳುವುದು. ಟಾರ್ಗೆಟ್ ಎಕ್ಸ್86 ಒಂದೇ ಸಾಕು. ಸುಮ್ನೆ ಬಿಟ್ಟರೆ ನೀನು ಜನ್ಮದಲ್ಲಿ ಮುಟ್ಟದ ಪ್ರೊಸೆಸರ್‌ಗಳಿಗೂ ಕೋಡ್ ಕಟ್ಟುತ್ತಾ ಕೂರುತ್ತದೆ. ಪ್ಯಾರಲಲ್ ಲಿಂಕ್ ಜಾಬ್ಸ್ 1 ಮಾಡು, ಒಂದು ಸಲಕ್ಕೆ ಒಂದೇ ಲಿಂಕ್ ಆಗಲಿ. ಎಲ್‌ಎಲ್‌ಡಿ ಇನ್‌ಸ್ಟಾಲ್ ಮಾಡಿ ಲಿಂಕರ್ ಆಗಿ ಅದನ್ನೇ ಕೊಡು, ಹಳೆಯದಕ್ಕಿಂತ ಎಷ್ಟೋ ವೇಗ. ಹಳೆಯ ಬಿಲ್ಡ್ ಫೋಲ್ಡರ್ ಅಳಿಸಿ ಹೊಸತರಲ್ಲಿ ಶುರು ಮಾಡು.

ಪೆರ್ಲದ ಹುಡುಗ:
ಅಕ್ಕ, ತಪ್ಪಾಯಿತು! ನೀವು ಹೇಳಿದ ಹಾಗೇ ಮಾಡಿದೆ, ಚೆನ್ನಾಗಿ ಓಡುತ್ತಿತ್ತು. ಅಷ್ಟರಲ್ಲಿ ಗಾಳಿಮಳೆ, ಕರೆಂಟು ಹೋಯಿತು. ನನ್ನ ಬ್ಯಾಟರಿ ಸತ್ತು ವರ್ಷವಾಯಿತು. ಈಗ ಒಂದು ಫೈಲಿಗೆ 'ಟ್ರಂಕೇಟೆಡ್' ಅನ್ನುತ್ತದೆ. ಮತ್ತೆ ಮೊದಲಿನಿಂದಲಾ?

ಕುಂಬಳೆಯವಳು:
ಅಯ್ಯೋ, ಅಲ್ಲ. ಬರೆಯುವಾಗ ಕರೆಂಟು ಹೋಗಿ ಅದು ಅರ್ಧಂಬರ್ಧ ಆಗಿದೆ. ಅದೊಂದೇ ಫೈಲ್ ಅಳಿಸಿ ನಿಂಜಾ ಮತ್ತೆ ಓಡಿಸು. ಆಗಿರುವುದನ್ನು ಬಿಟ್ಟು ಉಳಿದದ್ದನ್ನಷ್ಟೇ ಮಾಡುತ್ತದೆ. ಮಳೆಗಾಲದಲ್ಲಿ ನಮಗೆಲ್ಲಾ ಇದೇ ಪಾಡು.

ಪೆರ್ಲದ ಹುಡುಗ:
ಮುಗಿಯಿತು! ಮೆಸೇಜೂ ಬದಲಾಯಿಸಿದೆ. ಆದರೆ 'ಚೆಕ್ ಕ್ಲ್ಯಾಂಗ್' ಓಡಿಸಿದರೆ ಮೊದಲು ಪಾಸಾಗಿದ್ದ ನಾಲ್ಕು ಟೆಸ್ಟ್ ಈಗ ಫೇಲ್. ಬರೀ ಒಂದು ಪದ ಬದಲಾಯಿಸಿದ್ದು ಅಲ್ವಾ?

ಕುಂಬಳೆಯವಳು:
ಆ ಪದವೇ ಕಾರಣ. ಆ ಟೆಸ್ಟ್ ಫೈಲ್ ತೆರೆದು ನೋಡು, ಕಾಮೆಂಟಿನಲ್ಲಿ 'ಎಕ್ಸ್‌ಪೆಕ್ಟೆಡ್ ಎರರ್' ಅಂತ ಬರೆದು ಮುಂದೆ ಹಳೆಯ ಮೆಸೇಜನ್ನೇ ಇಟ್ಟಿರುತ್ತಾರೆ. ಕ್ಲ್ಯಾಂಗ್ ಹೇಳಿದ್ದು ಅದಕ್ಕೆ ಹೊಂದದಿದ್ದರೆ ಫೇಲ್. ಆ ನಾಲ್ಕರಲ್ಲೂ ಹೊಸ ಮಾತು ಹಾಕಿ, ನಿನ್ನ ಬದಲಾವಣೆ ಕಳುಹಿಸುವ ಅದೇ ಪುಲ್ ರಿಕ್ವೆಸ್ಟಿನಲ್ಲಿ ಸೇರಿಸು. ಪರೀಕ್ಷಿಸಲು ಎಲ್ಲಾ ಟೆಸ್ಟ್ ಓಡಿಸಬೇಡ, ಟೆಸ್ಟ್ ಓಡಿಸುವ ಲಿಟ್‌ಗೆ ಆ ನಾಲ್ಕು ಫೈಲ್ ಕೊಟ್ಟರೆ ಕೂಡಲೇ ಗೊತ್ತಾಗುತ್ತದೆ.

ಪೆರ್ಲದ ಹುಡುಗ:
ನಾಲ್ಕೂ ಪಾಸ್. ಈಗಷ್ಟೇ ಕಳುಹಿಸಿದೆ. ನಾನು ಕನ್ನಡ ಮೀಡಿಯಂ ಅಕ್ಕ, ವಿವರಣೆ ಬರೆಯಲಿಕ್ಕೇ ಒಂದು ಗಂಟೆ ಹಿಡಿಯಿತು. ಯಾರೂ ಉತ್ತರ ಕೊಡದಿದ್ದರೆ?

ಕುಂಬಳೆಯವಳು:
ಏನು ಬದಲಾಯಿಸಿದೆ, ಯಾಕೆ ಅಂತ ಎರಡು ಸಾಲು ಇದ್ದರೆ ಸಾಕು. ಒಂದು ವಾರ ಕಾಯಿ, ಆಮೇಲೆ 'ಪಿಂಗ್' ಅಂತ ಒಂದು ಕಾಮೆಂಟ್ ಹಾಕು. ಅಲ್ಲಿ ಅದು ವಾಡಿಕೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಪ್ಪಿಗೆ ಸಿಕ್ಕಿದರೂ ಅದನ್ನು ಮೂಲ ಕೋಡಿಗೆ ಸೇರಿಸುವ ಮರ್ಜ್ ಬಟನ್ ನಿನಗೆ ಕಾಣುವುದಿಲ್ಲ, ಹೆದರಬೇಡ. ನಿನ್ನ ಕೋಡ್ ನೋಡಿ ಒಪ್ಪಿದವರನ್ನೇ ಕೇಳು, ಅವರೇ ಮಾಡಿಕೊಡುತ್ತಾರೆ.

ಉಪ್ಪಳ ಲಿನಕ್ಸ್:
ನಾನು ಆವತ್ತು ಸುಮ್ನೆ ಉಬುಂಟು ತೆಗೆದು ಹಾಕಿದ್ದಾ ಹಾಗಾದರೆ?