ಬಾಂದ್ರಾ, ಖಾರ್, ಅಂಧೇರಿ, ಲೋವರ್ ಪರೇಲ್: ರಾತ್ರಿ ಸುತ್ತಾಡುವವರಿಗೆ ಮನೆ ಎಲ್ಲಿ ಒಳ್ಳೇದು?

ಬಿಕೆಸಿ_ಹೊಸಬಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೆಂಗಳೂರಿಂದ ಮುಂಬಯಿಗೆ ವರ್ಗ. ಆಫೀಸು ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್), ಬಿಡುವಾಗ ರಾತ್ರಿ ಎಂಟೂವರೆ, ಒಂಬತ್ತು. ನಾನು (26) ಮತ್ತು ರೂಮ್‌ಮೇಟ್ (24) ಸೇರಿ ಮನೆ ಹಿಡಿಯಬೇಕು. ಬಾಡಿಗೆ 60 ಸಾವಿರದೊಳಗೆ ಇರಬೇಕು, ಒನ್ ಬಿಎಚ್‌ಕೆ ಆದರೂ ನಡೆಯುತ್ತೆ.

ವಾರಕ್ಕೆ ಎರಡು ರಾತ್ರಿಯಾದರೂ ಹೊರಗಿರ್ತೀವಿ. ಲೈವ್ ಮ್ಯೂಸಿಕ್, ಸ್ಟ್ಯಾಂಡ್-ಅಪ್, ನಾಟಕ, ಆಮೇಲೆ ತಡವಾಗಿ ಊಟ. ಕುಡಿಯೋದು ಅಷ್ಟಕ್ಕಷ್ಟೆ. ಬ್ರೋಕರ್ ತೋರಿಸ್ತಿರೋದು ಖಾರ್ ವೆಸ್ಟ್, ಅಂಧೇರಿ ವೆಸ್ಟ್‌ನ ವೀರಾ ದೇಸಾಯಿ ರೋಡ್, ಲೋವರ್ ಪರೇಲ್. ಯಾವುದು ಹಿಡಿಯೋದು? ಮನೆ ನೋಡುವಾಗ ಏನು ಗಮನಿಸಬೇಕು?

ಕೊನೇಲೋಕಲ್

ಎಷ್ಟು ಬಾರ್ ಇವೆ ಅಂತ ಎಣಿಸಿ ಏರಿಯಾ ಆರಿಸಬೇಡಿ, ಗಡಿಯಾರ ನೋಡಿ ಆರಿಸಿ. ಮುಂಬಯಿಯ ಪರ್ಮಿಟ್ ರೂಮು (ಪರವಾನಗಿ ಇರುವ ಬಾರು), ಪಬ್ಬುಗಳು ರಾತ್ರಿ 1:30ಕ್ಕೆ ಬಾಗಿಲು ಹಾಕಬೇಕು. 3ರವರೆಗೆ ಪರವಾನಗಿ ಇರೋದು ದೊಡ್ಡ ಸ್ಟಾರ್ ಹೋಟೆಲುಗಳ ಒಳಗಿನವಕ್ಕೆ. 2020ರ ಜನವರಿಯಲ್ಲಿ '24 ಗಂಟೆ ಮುಂಬಯಿ' ಅಂತ ಸರ್ಕಾರ ತೀರ್ಮಾನ ಮಾಡಿತಲ್ಲ, ಅದು ವಸತಿಯಲ್ಲದ ಜಾಗದ ಅಂಗಡಿ, ಮಾಲು, ತಿಂಡಿ ಹೋಟೆಲಿಗೆ. ಮದ್ಯದ ಗಡುವು ಆಗಲೂ ಒಂದೂವರೆಯಲ್ಲೇ ಉಳಿಯಿತು.

ಕೊನೆಯ ಲೋಕಲ್ ರೈಲು ಹೊರಡೋದು ಒಂದರ ಆಸುಪಾಸು, ಬೆಳಗಿನ ಮೊದಲ ಗಾಡಿ ನಾಲ್ಕರ ಆಸುಪಾಸು. ಮೆಟ್ರೋ 3 ರಾತ್ರಿ ಹತ್ತೂವರೆಗೇ ಮಲಗುತ್ತೆ. ಹಾಗಾಗಿ ನೀವು ನಿಜವಾಗಿ ಹೊರಗೆ ಬರುವ ಹೊತ್ತಿಗೆ ರೈಲು, ಮೆಟ್ರೋ ಎರಡೂ ಇಲ್ಲ. ಆ ಎರಡೂವರೆ ಗಂಟೆಯಲ್ಲಿ ಮನೆ ಸೇರೋದು ಹೇಗೆ ಅನ್ನೋದೇ ಏರಿಯಾದ ಪರೀಕ್ಷೆ.

ಇಲ್ಲಿ ಇನ್ನೊಂದು ಗಡಿ ಇದೆ, ಬೆಂಗಳೂರಿನವರಿಗೆ ಹೊಳೆಯೋದಿಲ್ಲ. ಆಟೋರಿಕ್ಷಾ ಪಶ್ಚಿಮದಲ್ಲಿ ಬಾಂದ್ರಾಕ್ಕೆ, ಪೂರ್ವದಲ್ಲಿ ಸಾಯನ್‌ಗೆ ನಿಲ್ಲುತ್ತೆ. ಅದರ ದಕ್ಷಿಣಕ್ಕೆ, ಮಾಹಿಮ್‌ನಿಂದ ಕೊಲಾಬಾವರೆಗೆ, ಕಾಲಿ-ಪೀಲಿ (ಕಪ್ಪು-ಹಳದಿ ಮೀಟರ್ ಟ್ಯಾಕ್ಸಿ) ಅಥವಾ ಆ್ಯಪ್ ಟ್ಯಾಕ್ಸಿ ಮಾತ್ರ.

2025ರ ಫೆಬ್ರವರಿಯ ದರದಲ್ಲಿ ಲೆಕ್ಕ ಹಾಕಿ. ಮೊದಲ ಒಂದೂವರೆ ಕಿ.ಮೀ.ಗೆ ರಿಕ್ಷಾ 26, ಟ್ಯಾಕ್ಸಿ 31 ರೂಪಾಯಿ. ಆಮೇಲೆ ಕಿಲೋಮೀಟರಿಗೆ ರಿಕ್ಷಾ 17.14, ಟ್ಯಾಕ್ಸಿ 20.66. ಮಧ್ಯರಾತ್ರಿಯಿಂದ ಬೆಳಗಿನ 5ರವರೆಗೆ ಮೇಲೆ ಶೇ. 25. ಖಾರ್‌ನಿಂದ ವೀರಾ ದೇಸಾಯಿ ಕಡೆಗೆ 8 ಕಿ.ಮೀ. ಅಂತಿಟ್ಟುಕೊಂಡರೆ ರಿಕ್ಷಾಕ್ಕೆ ರಾತ್ರಿ ಸುಮಾರು 172. ಲೋವರ್ ಪರೇಲ್‌ನಿಂದ ಅದೇ ಅಂಧೇರಿಗೆ 18 ಕಿ.ಮೀ. ಅಂದರೆ ಟ್ಯಾಕ್ಸಿಗೆ ಸುಮಾರು 465.

ಈಗ ನೋಡಿ, ತಿಂಗಳಿಗೆ ಎಂಟು ರಾತ್ರಿ ಖಾರ್‌ಗೆ ಬಂದು ಅಂಧೇರಿಗೆ ವಾಪಸ್ ಹೋದರೂ ಹಿಂದಿರುಗುವ ರಿಕ್ಷಾಕ್ಕೆ ಸುಮಾರು 1,400. ಖಾರ್‌ಗೂ ಅಂಧೇರಿಗೂ ಬಾಡಿಗೆ ವ್ಯತ್ಯಾಸ ಅದರ ಹತ್ತು ಪಟ್ಟಾದರೂ ಇರುತ್ತೆ. 'ಟ್ಯಾಕ್ಸಿ ದುಡ್ಡು ಉಳಿಯುತ್ತೆ' ಅನ್ನೋ ಬ್ರೋಕರ್ ಮಾತು ಲೆಕ್ಕಕ್ಕೆ ನಿಲ್ಲೋದಿಲ್ಲ. ಖಾರ್‌ನಲ್ಲಿ ನೀವು ದುಡ್ಡು ಕೊಡೋದು ಬೇರೆ ಎರಡಕ್ಕೆ: ರಾತ್ರಿ ನಡೆದೇ ಮನೆ ಸೇರೋದು, ಸಂಜೆ ಬಿಕೆಸಿಯಿಂದ ಬೇಗ ಬರೋದು. ಸಂಜೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಸಿಕ್ಕಿಕೊಂಡರೆ ಎಂಟೂವರೆಗೆ ಬಿಟ್ಟವರು ಒಂಬತ್ತೂವರೆ ಶೋಗೆ ಮನೆ ಮುಟ್ಟಿ ಬಟ್ಟೆ ಬದಲಿಸಿ ಹೋಗೋದು ಮರೆತುಬಿಡಿ.

ಕಾಮಿಡಿ, ಸಣ್ಣ ಸಂಗೀತ ಅಂದರೆ ಖಾರ್-ಬಾಂದ್ರಾ. ನಾಟಕ ಅಂದರೆ ಜುಹೂವಿನ ಪೃಥ್ವಿ ಥಿಯೇಟರ್, ಅಲ್ಲಿಂದ ಖಾರ್‌ಗೂ ಅಂಧೇರಿಗೂ ರಿಕ್ಷಾ ಸಾಕು. ನನ್ನ ಮತ ಖಾರ್ ವೆಸ್ಟ್‌ಗೆ. ಆದರೆ 60ಕ್ಕೆ ಅಲ್ಲಿ ಸಿಗೋದು ಹಳೇ ಕಟ್ಟಡದ ಚಿಕ್ಕ ಒನ್ ಬಿಎಚ್‌ಕೆ, ಬಹುಶಃ ಲಿಫ್ಟ್ ಇಲ್ಲದ್ದು. ಅಷ್ಟಕ್ಕೆ ತಯಾರಿದ್ದರೆ ಸರಿ.

ಪರೇಲ್_ಭಟ್

ಲೋವರ್ ಪರೇಲ್ ಬಿಡಿ ಮಾರಾಯ್ರೆ. ಕಮಲಾ ಮಿಲ್ಸ್, ಟೋಡಿ ಮಿಲ್ಸ್, ರಘುವಂಶಿ ಮಿಲ್ಸ್ (ಈಗ ಪಬ್ಬು, ಹೋಟೆಲುಗಳಿರುವ ಹಳೇ ಗಿರಣಿಗಳು) ಹೋಗಿ ಬರುವ ಜಾಗ, ವಾಸಕ್ಕೆ ಅಲ್ಲ. ಗಿರಣಿ ಆವರಣ ಮುಚ್ಚಿದ ಮೇಲೆ ಹೊರಗೆ ತಿನ್ನಲಿಕ್ಕೆ ಒಂದು ಗಾಡಿ ಸಿಗುವುದೂ ಕಷ್ಟ. ಟವರ್‌ಗಳ ಬಾಡಿಗೆ ನಿಮ್ಮ ಬಜೆಟ್ಟಿನ ಮೇಲೆ, ಚಾಳುಗಳಲ್ಲಿ ಹೊರಗಿನ ಹುಡುಗಿಯರಿಗೆ ಮನೆ ಕೊಡುವುದು ಅಪರೂಪ. ಮಳೆಗಾಲದಲ್ಲಿ ಪಕ್ಕದ ಹಿಂದ್‌ಮಾತಾ ತುಂಬಿದರೆ ದಾದರ್ ಕಡೆಯ ದಾರಿಯೇ ಬಂದ್.

ಮತ್ತೊಂದು ಮಾತು. 2017ರ ಡಿಸೆಂಬರ್ 29ರ ಕಮಲಾ ಮಿಲ್ಸ್ ಬೆಂಕಿಯಲ್ಲಿ 14 ಜನ ಹೋದರು, ಮಾಳಿಗೆ ಮೇಲಿನ ಜಾಗ. ಎಲ್ಲಿಗೆ ಹೋದರೂ ಕೂರುವ ಮೊದಲು ಎರಡನೇ ಮೆಟ್ಟಿಲು ಎಲ್ಲಿದೆ ನೋಡಿ. ಅದರ ಬಾಯಿಗೆ ಬಿಯರ್ ಕ್ರೇಟ್ ಪೇರಿಸಿದ್ದರೆ ವಾಪಸ್ ಬನ್ನಿ.

ಕಿಟಕಿಗಾಜು

ಏರಿಯಾ ಸರಿ, ಈಗ ಕಟ್ಟಡದ ವಿಷಯ. ಖಾರ್-ಬಾಂದ್ರಾದಲ್ಲಿ ಒಂದೇ ಗಲ್ಲಿಯ ಒಂದು ಮನೆ ಸ್ವರ್ಗ, ಎದುರಿನದು ನರಕ. ಮಧ್ಯಾಹ್ನ ನೋಡಿ ಟೋಕನ್ ಕೊಡಬೇಡಿ. ಶನಿವಾರ ರಾತ್ರಿ ಹನ್ನೊಂದೂವರೆಯಿಂದ ಎರಡರವರೆಗೆ ಆ ಬೀದಿಯಲ್ಲಿ ನಿಲ್ಲಿ, ಸಾಧ್ಯವಾದರೆ ಬೆಡ್‌ರೂಮಿನ ಒಳಗೇ ಹತ್ತು ನಿಮಿಷ ಕೂರಲು ಕೇಳಿ.

ನಿದ್ದೆ ಕೆಡಿಸೋದು ಹಾಡಲ್ಲ, ಹಾಡು ಹೆಚ್ಚಾಗಿ ಒಳಗೇ ಉಳಿಯುತ್ತೆ. ಕೆಡಿಸೋದು ಇವು: ಬಾಗಿಲಾಚೆ ನಿಂತು ಸಿಗರೇಟು ಸೇದುವ ಗುಂಪು, ಗಿರಾಕಿಗಳ ಕಾರು ನಿಲ್ಲಿಸಿಕೊಡುವ ವ್ಯಾಲೆಯವನ ಕೂಗು, ಗಿರಾಕಿಗಾಗಿ ಹಾರ್ನ್ ಹೊಡೆಯುವ ರಿಕ್ಷಾ, ಮತ್ತು ಎರಡು ಗಂಟೆಗೆ ಖಾಲಿ ಬಾಟಲಿಗಳನ್ನು ಡ್ರಮ್ಮಿಗೆ ಸುರಿಯುವ ಸದ್ದು. ಆ ಗಾಜಿನ ಸದ್ದು ಮೂರನೇ ಮಹಡಿಗೂ ನೇರ ಬರುತ್ತೆ. ಒಂದರಿಂದ ಮೂರನೇ ಮಹಡಿಗೆ ಬೀದಿ ಗಲಾಟೆ, ಐದರ ಮೇಲೆ ಎದುರಿನ ಮಾಳಿಗೆ ಬಾರಿನ ಬಾಸ್. ಕಿಚನ್ ಎಕ್ಸಾಸ್ಟ್ ಪೈಪು ಯಾವ ಕಡೆ ಬಾಯಿ ತೆರೆದಿದೆ ಅಂತಲೂ ನೋಡಿ. ಕಿಟಕಿಯ ಜಾಳಿಗೆ ಬೆರಳು ಒರೆಸಿ, ಜಿಡ್ಡು ಹತ್ತಿದರೆ ಆ ಮನೆ ಬೇಡ. ಅಂಥ ಕಡೆ ಜಿರಲೆ ಔಷಧಿ ಎಷ್ಟು ಹೊಡೆಸಿದರೂ ದಂಡ.

ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಸದ್ದು ತಡೆಯೋದಿಲ್ಲ, ಹಳಿಗಳ ಸಂದಿಯಲ್ಲೇ ಗಾಳಿ ಜೊತೆ ನುಗ್ಗುತ್ತೆ. ರಬ್ಬರ್ ಬೀಡಿಂಗ್ ಇರುವ, ಬಾಗಿಲಿನ ಹಾಗೆ ಮುಚ್ಚುವ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿ, ಲ್ಯಾಮಿನೇಟೆಡ್ ಗಾಜು ಇದ್ದರೆ ಮಾತು, ಹಾರ್ನ್ ಬಹಳ ಕಡಿಮೆಯಾಗುತ್ತೆ. ಬಾಸ್ ಮಾತ್ರ ಗೋಡೆಯಲ್ಲೇ ಬರುತ್ತೆ, ಅದಕ್ಕೆ ಮದ್ದಿಲ್ಲ. ಎಸಿ ಪೈಪ್ ಹೋಗಿರುವ ತೂತು ತೆರೆದಿದ್ದರೆ ಮುಚ್ಚಿಸಿ, ಅಷ್ಟು ಸಣ್ಣ ಕಂಡಿ ಇಡೀ ಕಿಟಕಿಯ ಖರ್ಚು ಹಾಳು ಮಾಡುತ್ತೆ.

ಕಾನೂನು ನಿಮ್ಮ ಪರ ಇದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್, ವಾಣಿಜ್ಯ ಪ್ರದೇಶಕ್ಕೆ 55. ತೆರೆದ ಜಾಗದ ಧ್ವನಿವರ್ಧಕ ಹತ್ತಕ್ಕೇ ಬಂದ್. 112ಕ್ಕೆ ಕರೆ ಮಾಡಿದರೆ ಬೀಟ್ ಪೊಲೀಸರು ಬರ್ತಾರೆ, ಸದ್ದು ಅರ್ಧ ಗಂಟೆ ತಗ್ಗುತ್ತೆ. ಪ್ರತಿ ಶನಿವಾರ ಅದನ್ನೇ ಮಾಡುವ ಉಮೇದು ಯಾರಿಗೂ ಉಳಿಯೋದಿಲ್ಲ, ಆದ್ದರಿಂದ ಪಬ್ಬಿರುವ ಬೀದಿಯಿಂದ ಎರಡು ಗಲ್ಲಿ ಒಳಗೆ ಹಿಡಿಯಿರಿ.

ಬಿಕೆಸಿ_ಹೊಸಬಳು

ತುಂಬಾ ಉಪಕಾರ. ಖಾರ್‌ನಲ್ಲಿ ನೋಡಿದ ಒಂದು ಸೊಸೈಟಿಯ ವಾಚ್‌ಮನ್ 'ಹತ್ತರ ಮೇಲೆ ಗೆಸ್ಟ್ ಇಲ್ಲ' ಅಂದ. ಬ್ರೋಕರ್ ನೋಡಿದರೆ 'ಅದೆಲ್ಲ ಬಿಡಿ ಮೇಡಂ' ಅಂತಾನೆ. ಯಾರ ಮಾತು ನಂಬೋದು? ರೂಮ್‌ಮೇಟ್ ವಯಸ್ಸಿನಿಂದ ಏನಾದರೂ ತೊಂದರೆ ಇದೆಯೇ?

ಅಗ್ರಿಮೆಂಟ್_ಶೆಟ್ಟಿ

ವಾಚ್‌ಮನ್ ಮಾತು ನಂಬಿ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೈಗೆ ಬಂದರೆ ಮುಗಿಯಿತು, ಅವನು ರಾತ್ರಿ ಗೇಟಿನಲ್ಲಿ ನಿಲ್ಲುವುದಿಲ್ಲ. ಡಿಪಾಸಿಟ್ ಕೊಡುವ ಮೊದಲೇ ಸೊಸೈಟಿ ಸೆಕ್ರೆಟರಿಯನ್ನು ಭೇಟಿಯಾಗಿ ಮೂರು ಕೇಳಿ: ಒಂಟಿ ಹೆಣ್ಣುಮಕ್ಕಳಿಗೆ ಎನ್ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಕೊಡ್ತೀರಾ, ಗೇಟ್ ಎಷ್ಟಕ್ಕೆ ಬೀಗ, ರಾತ್ರಿ ಅತಿಥಿ ಉಳಿಯಬಹುದಾ. ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.

ಇಲ್ಲಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಅನ್ನುವ ಬಾಡಿಗೆ ಕರಾರು ನಡೆಯುತ್ತದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಅದರ ನೋಂದಣಿ ಕಡ್ಡಾಯ, ಹೊಣೆ ಮಾಲೀಕರದು. ಬೆಂಗಳೂರಿನ ಹಾಗೆ ಛಾಪಾಕಾಗದದ ನೋಟರಿ ಸಾಲದು. ಸ್ಟ್ಯಾಂಪ್ ಡ್ಯೂಟಿ ಶೇ. 0.25: ಒಟ್ಟು ಬಾಡಿಗೆಗೆ ಡಿಪಾಸಿಟ್‌ನ ವಾರ್ಷಿಕ ಶೇ. 10 ಸೇರಿಸಿ ಲೆಕ್ಕ. ಬಾಡಿಗೆ 55 ಸಾವಿರ, ಡಿಪಾಸಿಟ್ 2 ಲಕ್ಷ ಇದ್ದರೆ ಸುಮಾರು 1,560 ರೂಪಾಯಿ, ನೋಂದಣಿಗೆ 1,000. ಏಜೆಂಟ್ ಇದಕ್ಕೇ ಎಂಟು ಹತ್ತು ಸಾವಿರ ಕೇಳಿದರೆ ವಿವರ ಕೇಳಿ. ಪೊಲೀಸ್ ಟೆನೆಂಟ್ ವೆರಿಫಿಕೇಶನ್ ಆನ್‌ಲೈನ್‌ನಲ್ಲೇ ಆಗುತ್ತದೆ. ಇಬ್ಬರ ಹೆಸರೂ ಅಗ್ರಿಮೆಂಟಿನಲ್ಲಿ ಇರಲಿ, ಒಬ್ಬರದೇ ಇದ್ದರೆ ಇನ್ನೊಬ್ಬರು ಸೊಸೈಟಿಯ ಲೆಕ್ಕಕ್ಕೆ 'ಗೆಸ್ಟ್'.

ವಯಸ್ಸು: ಮಹಾರಾಷ್ಟ್ರದಲ್ಲಿ ಬಿಯರ್, ವೈನ್‌ಗೆ 21, ವಿಸ್ಕಿ, ಜಿನ್, ರಮ್ಮಿಗೆ 25. ನಿಮ್ಮ ರೂಮ್‌ಮೇಟ್ ಇನ್ನೊಂದು ವರ್ಷ ಬಿಯರ್‌ನಲ್ಲೇ ಇರಬೇಕು. 1949ರ ಪಾನನಿಷೇಧ ಕಾಯ್ದೆ ಇನ್ನೂ ಜೀವಂತ, ಕುಡಿಯಲು ಪರ್ಮಿಟ್ ಬೇಕು. ಒಂದು ದಿನದ್ದು 5 ರೂಪಾಯಿ, ವರ್ಷದ್ದು 100, ಆಜೀವ 1,000. ಕೇಳುವವರು ಕಡಿಮೆ, ಆದರೆ ರೇಡ್ ಬಿದ್ದ ದಿನ ಮೊದಲು ಕೇಳುವುದು ಅದನ್ನೇ. ಸ್ಕೂಟರ್ ತರುವ ಯೋಚನೆ ಇದ್ದರೆ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಾರಾಂತ್ಯಕ್ಕೆ ನಾಕಾಬಂದಿ (ಪೊಲೀಸರ ರಸ್ತೆ ತಪಾಸಣೆ) ಖಂಡಿತ. ಬಾಂದ್ರಾ-ವರ್ಲಿ ಸಮುದ್ರ ಸೇತುವೆ ಸೀ ಲಿಂಕ್ ಮೇಲೆ ದ್ವಿಚಕ್ರಕ್ಕೆ ಪ್ರವೇಶವೂ ಇಲ್ಲ.

ಮಾಹಿಮ್_ಕಾಸ್‌ವೇ

ಯಾರೂ ಹೇಳದ ಒಂದು ಆಯ್ಕೆ: ಮಾಹಿಮ್ ಅಥವಾ ಮಾಟುಂಗಾ ವೆಸ್ಟ್. ಮೆಟ್ರೋ 3ರಲ್ಲಿ ಬಿಕೆಸಿಯಿಂದ ಧಾರಾವಿ ದಾಟಿದರೆ ಶೀತಲಾದೇವಿ ಮಂದಿರ, ಎರಡೇ ಸ್ಟೇಷನ್. ಉತ್ತರಕ್ಕೆ ಬಾಂದ್ರಾ, ದಕ್ಷಿಣಕ್ಕೆ ಲೋವರ್ ಪರೇಲ್, ಎರಡೂ ಟ್ಯಾಕ್ಸಿಯಲ್ಲಿ ಹತ್ತಿರ. ದಕ್ಷಿಣ ಮುಂಬಯಿಯ ಕಾಲಾ ಘೋಡಾಕ್ಕೆ ಹೋಗಲು ಅದೇ ಮೆಟ್ರೋದಲ್ಲಿ ಹುತಾತ್ಮ ಚೌಕ್ ಇಳಿಯಬಹುದು, ಬರುವಾಗ ಟ್ಯಾಕ್ಸಿ. ಬಾಡಿಗೆ ಖಾರ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಕನ್ನಡ ನಾಟಕ ಬೇಕಿದ್ದರೆ ಮಾಟುಂಗಾದ ಮೈಸೂರ್ ಅಸೋಸಿಯೇಷನ್ ಪಕ್ಕದಲ್ಲೇ.

ಕೊರತೆ ಒಂದೇ. ಬಾಂದ್ರಾದಿಂದ ರಾತ್ರಿ ರಿಕ್ಷಾದವರು ಮಾಹಿಮ್‌ಗೆ ಬರುವ ಕಾಸ್‌ವೇ ರಸ್ತೆ ದಾಟೋದಿಲ್ಲ, ದಾಟುವ ಹಾಗೂ ಇಲ್ಲ. ಒಂದೂವರೆಗೆ ಎಲ್ಲರೂ ಒಟ್ಟಿಗೆ ಆ್ಯಪ್ ತೆರೆಯೋದರಿಂದ ದರ ಏರಿರುತ್ತೆ. ಒಂದು ಇಪ್ಪತ್ತಕ್ಕೇ ಬಿಲ್ ಕೊಟ್ಟು ಹೊರಡಿ, ಇಲ್ಲಾ ಎರಡರವರೆಗೆ ಕಾಯಿರಿ. ಸ್ಟೇಷನ್ ಎದುರು ನಿಂತ ಗಾಡಿ ಹತ್ತಬೇಡಿ, ಅವರು ಬಾಯಿಗೆ ಬಂದ ರೇಟು ಹೇಳ್ತಾರೆ. ಎಸ್.ವಿ. ರೋಡಿಗೆ ನಡೆದು ದಕ್ಷಿಣಕ್ಕೆ ಓಡುತ್ತಿರುವ ಖಾಲಿ ಕಾಲಿ-ಪೀಲಿಗೆ ಕೈ ಮಾಡಿ. ದಾದರ್, ವರ್ಲಿ ಕಡೆ ವಾಪಸ್ ಹೋಗುವವನಿಗೆ ಮಾಹಿಮ್ ದಾರಿ ಮೇಲೇ ಇರುತ್ತೆ, ಮೀಟರ್ ಹಾಕಿ ಬರ್ತಾನೆ.