ಮನೆ ಸ್ಟೋರೇಜ್ ಸರ್ವರ್: ರೈಜನ್ 5600ಜಿಗೆ ಇಸಿಸಿ ರ‍್ಯಾಮ್ ಹಾಕಿದರೆ ಆಗುತ್ತಾ?

ನಾಪೋಕ್ಲು ಕ್ಯಾಮೆರಾ:
ಮದುವೆ ಫೋಟೊ ತೆಗೆಯುವುದು ನನ್ನ ಕೆಲಸ. ಹನ್ನೊಂದು ವರ್ಷದ ಫೋಟೊ, ಸುಮಾರು 6 ಟಿಬಿ, ಒಂದು ಹಳೇ ಪಿಸಿಯಲ್ಲಿದೆ. ಹೋದ ತಿಂಗಳು ಮದುಮಗಳೊಬ್ಬಳ ಅಣ್ಣ ಫ್ರೇಮ್ ಹಾಕಿಸಲು ಫೋಟೊ ಕೇಳಿದ. ತೆಗೆದು ನೋಡಿದರೆ ಅವಳ ಗದ್ದದಿಂದ ಕೆಳಗೆ ಬರೀ ಬೂದು ಪಟ್ಟಿ. ಬ್ಯಾಕಪ್‌ನಲ್ಲೂ ಅದೇ ಬೂದು ಪಟ್ಟಿ! ಡಿಸ್ಕ್ ಹೋಯಿತು ಅಂದುಕೊಂಡೆ, ಆದರೆ ಅದು ಸರಿಯಾಗಿಯೇ ಇದೆ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಬೆಳಿಗ್ಗೆ ಕಾಫಿ ಹಿಡಿದು ಬಂದರೆ ಸ್ಕ್ರೀನ್ ತುಂಬ ಕೆಂಪು ಸಾಲು. ರ‍್ಯಾಮೇ ಕೆಟ್ಟಿತ್ತು.

ಈಗ ಹೊಸದು ಕಟ್ಟಬೇಕು. ಅಂಗಡಿಯವರು ರೈಜನ್ 5600ಜಿ ಪ್ರೊಸೆಸರ್ ಹೇಳ್ತಾರೆ. ಸರ್ವರ್‌ನಿಂದ ಬಿಚ್ಚಿದ, ಡೇಟಾ ತಪ್ಪಿದರೆ ತಿದ್ದಲು ನೆರವಾಗುವ ಇಸಿಸಿ ರ‍್ಯಾಮ್ ಕಡಿಮೆಗೆ ಸಿಗುತ್ತೆ. ತಗೊಳ್ಳಲಾ?

ಕುಶಾಲನಗರದವ:
ಬೇಡ ಅಣ್ಣ, ಎರಡೂ ಬೇಡ. 5600ಜಿ ಮೇಲೆ ಇಸಿಸಿ ಕಡ್ಡಿ ಹಾಕಿದರೆ ಬೂಟ್ ಆಗುತ್ತದೆ, ಆದರೆ ತಪ್ಪು ತಿದ್ದುವುದಿಲ್ಲ. ಜಿ (ಒಳಗೇ ಗ್ರಾಫಿಕ್ಸ್) ಇರುವುದೇ ಬೇಕೆಂದರೆ ಪ್ರೊ 5650ಜಿ ನೋಡಿ. ಇಲ್ಲಾಂದ್ರೆ ಜಿ ಇಲ್ಲದ 5600 ತಗೊಂಡು ಹಳೇ ಗ್ರಾಫಿಕ್ಸ್ ಕಾರ್ಡ್ ಒಂದು ಸಿಕ್ಕಿಸಿ.

ಸರ್ವರ್‌ನಿಂದ ಬಿಚ್ಚಿದ್ದು ಸಾಮಾನ್ಯವಾಗಿ ರಿಜಿಸ್ಟರ್ಡ್, ಸರ್ವರ್‌ಗೆಂದೇ ಮಾಡಿದ ಬಗೆ. ಸ್ಲಾಟಿಗೆ ಕೂರುತ್ತೆ, ಸಿಸ್ಟಮ್ ಏಳಲ್ಲ. ನಿಮಗೆ ಬೇಕಾದ್ದು ಮನೆ ಪಿಸಿಗೆ ಹೊಂದುವ ಅನ್‌ಬಫರ್ಡ್ ಇಸಿಸಿ. ಕಡ್ಡಿಯ ಒಂದು ಬದಿಯ ಕಪ್ಪು ಚಿಪ್ ಎಣಿಸಿ: ಸಾಮಾನ್ಯ ರ‍್ಯಾಮ್‌ನಲ್ಲಿ 8 ಇದ್ದರೆ ಇದರಲ್ಲಿ 9.

ಮದರ್‌ಬೋರ್ಡಿನ ಮ್ಯಾನುಯಲ್ ಓದದೆ ದುಡ್ಡು ಕೊಡಬೇಡಿ. ‘ಇಸಿಸಿ ರ‍್ಯಾಮ್ ನಾನ್-ಇಸಿಸಿ ಮೋಡ್‌ನಲ್ಲಿ ಓಡುತ್ತದೆ’ ಅಂತ ಬರೆದಿದ್ದರೆ ಆ ಬೋರ್ಡ್ ದಂಡ.

ಸೋಮವಾರಪೇಟೆ ತೋಟ:
ಅಷ್ಟೆಲ್ಲಾ ಬೇಕಾ ಮಾರಾಯ್ರೆ? ಡೇಟಾ ಹಾಳಾಯಿತೇ ಅಂತ ತಾನೇ ಪರೀಕ್ಷಿಸುವ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್‌ಗೂ ಇಸಿಸಿ ಕಡ್ಡಾಯ ಅಲ್ಲ. ಏಪ್ರಿಲ್ ಗುಡುಗಿಗೆ ನಮ್ಮ ಮನೆಯ ರೂಟರ್, ಸ್ವಿಚ್ ಎರಡೂ ಸುಟ್ಟವು. ಮೊದಲು ಯುಪಿಎಸ್ ತಗೊಳ್ಳಿ, ಒಂದು ಕಾಪಿ ಬೇರೆ ಊರಲ್ಲಿಡಿ.

ಕುಶಾಲನಗರದವ:
ಯುಪಿಎಸ್ ಬೇಕೇ ಬೇಕು, ಒಪ್ಪಿದೆ. ಆದರೆ ಇವರ ಕಾಪಿಯೂ ಹಾಳಾಗಿತ್ತಲ್ವಾ? ಹಾಳಾದದ್ದನ್ನೇ ಹತ್ತು ಊರಲ್ಲಿಟ್ಟು ಏನು ಮಾಡೋದು?

ನಾಪೋಕ್ಲು ಕ್ಯಾಮೆರಾ:
ಬೆಂಗಳೂರಿಂದ 5650ಜಿ ತರಿಸಿದೆ. ಲಿನಕ್ಸ್‌ನಲ್ಲಿ ಹಾರ್ಡ್‌ವೇರ್ ವಿವರ ತೋರಿಸುವ ಡಿಎಂಐಡಿಕೋಡ್ ಕಮಾಂಡ್ ಹಾಕಿ ನೋಡಿದೆ: ಟೋಟಲ್ ವಿಡ್ತ್ 72, ಡೇಟಾ ವಿಡ್ತ್ 64. ತಪ್ಪು ತಿದ್ದಲು ಬೇಕಾದ ಆ ಹೆಚ್ಚಿನ 8 ಬಿಟ್‌ಗೆ ಇಷ್ಟು ಓಡಾಟ. ಯುಪಿಎಸ್ ಕೂಡ ಬಂತು, ಸೋಮವಾರಪೇಟೆಯವರಿಗೆ ಸಮಾಧಾನ ಆಗಲಿ.

ಆ ಫೋಟೊ ಗಂಡನ ಮನೆಯವರ ಪೆನ್‌ಡ್ರೈವ್‌ನಲ್ಲಿ ಸರಿಯಾಗಿತ್ತು. ನಾನು ತೆಗೆದ ಫೋಟೊನ ನಾನೇ ಅವರ ಮನೆಗೆ ಹೋಗಿ ಕೇಳಿ ತಂದೆ.